ಓದುಗರ ಪ್ರಶ್ನೆ, ನಮ್ಮ ಉತ್ತರ: ರಣರಂಗದಿಂದ ಸುದ್ದಿ ಹೊರಬರುವ ದಾರಿ

ಕಳೆದ ಸಂಚಿಕೆಯಲ್ಲಿ ವಿದೇಶಿ ಯುದ್ಧ ವರದಿಗಾರರ ಕುರಿತು ಒಂದು ಪುಟದ ಟಿಪ್ಪಣಿ ಪ್ರಕಟಿಸಿದ್ದೆವು. ಅದಕ್ಕೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳಿಂದಲೂ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಆ ವರದಿಗಾರರ ಧೈರ್ಯದ ಬಗ್ಗೆ. ಧೈರ್ಯ ಬೇಕೇ ಬೇಕು. ಆದರೆ ಕಂಡದ್ದನ್ನು ಹೊರಗೆ ಮುಟ್ಟಿಸುವುದೇ ಈ ಕಸುಬಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ. ಅದರ ಬಗ್ಗೆ ಯಾರೂ ಅಷ್ಟಾಗಿ ಕೇಳುವುದಿಲ್ಲವಾದ್ದರಿಂದ ಉತ್ತರಗಳಲ್ಲಿ ಅದಕ್ಕೆ ಜಾಗ ಹೆಚ್ಚು ಕೊಟ್ಟಿದ್ದೇವೆ.

ಪ್ರಶ್ನೆ: ಧಾರಾಸಣದ ಉಪ್ಪಿನ ಸತ್ಯಾಗ್ರಹವನ್ನು ಜಗತ್ತಿಗೆ ತಿಳಿಸಿದವರು ಅಮೆರಿಕದ ಒಬ್ಬ ಯುದ್ಧ ವರದಿಗಾರರು ಎಂದು ಬರೆದಿದ್ದೀರಿ. ಸತ್ಯಾಗ್ರಹಕ್ಕೂ ಯುದ್ಧ ವರದಿಗಾರರಿಗೂ ಏನು ಸಂಬಂಧ? ಅವರ ಬದುಕು ಎಂಥದು?
— ನಿವೃತ್ತ ಶಿಕ್ಷಕರು, ಅಂಕೋಲಾ

ಅಂಕೋಲೆಯವರು ಈ ಪ್ರಶ್ನೆ ಕೇಳಿದ್ದು ಸಂತೋಷ. 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ನಿಮ್ಮೂರಿನಲ್ಲಿ ಉಪ್ಪಿನ ಕಾಯ್ದೆ ಮುರಿದಾಗ ಅಲ್ಲಿ ವಿದೇಶಿ ಪತ್ರಿಕೆಯ ಕಣ್ಣು ಇರಲಿಲ್ಲ. ಮುಂದಿನ ತಿಂಗಳು ಗುಜರಾತಿನ ಧಾರಾಸಣದಲ್ಲಿ ಒಂದು ಜೊತೆ ಕಣ್ಣಿತ್ತು. ಆ ಕಣ್ಣು ವೆಬ್ ಮಿಲ್ಲರ್ ಅವರದು.

ಮಿಲ್ಲರ್ 1891ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಹಳ್ಳಿಗಾಡಿನಲ್ಲಿ ಹುಟ್ಟಿದವರು. 1916ರಲ್ಲಿ ಅಮೆರಿಕದ ಸೇನೆ ಮೆಕ್ಸಿಕೊದ ಬಂಡಾಯ ನಾಯಕ ಪಾಂಚೊ ವಿಲ್ಲಾನನ್ನು ಬೆನ್ನಟ್ಟಿ ಮೆಕ್ಸಿಕೊಕ್ಕೆ ನುಗ್ಗಿದಾಗ ಅದರ ಹಿಂದೆ ಹೋಗಿ ವರದಿ ಮಾಡಿದರು. ಅಲ್ಲಿಂದ ಯುನೈಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ಸೇರಿ, ಮೊದಲ ಮಹಾಯುದ್ಧದ ಫ್ರಾನ್ಸ್, ಮೊರೊಕ್ಕೊದ ರಿಫ್ ಯುದ್ಧ, 1935ರ ಇಥಿಯೋಪಿಯ, 1936ರ ಸ್ಪೇನ್ ಎಲ್ಲ ಸುತ್ತಿದರು. 1940ರ ಮೇ ತಿಂಗಳಿನಲ್ಲಿ, ಬಾಂಬ್ ದಾಳಿಯ ಹೆದರಿಕೆಗೆ ದೀಪ ಆರಿಸಿದ್ದ ಲಂಡನ್ನಿನಲ್ಲಿ, ಕ್ಲಾಪಮ್ ಜಂಕ್ಷನ್ ಬಳಿ ರೈಲಿನಿಂದ ಬಿದ್ದು ತೀರಿಕೊಂಡರು. ಅಷ್ಟು ಯುದ್ಧ ದಾಟಿದವರಿಗೆ ಸಾವು ಮನೆಗೆ ಹೋಗುವ ರೈಲಿನಲ್ಲಿ ಬಂತು.

ಈಗ ಧಾರಾಸಣ. 1930ರ ಮೇ 5ರಂದು ಗಾಂಧೀಜಿಯ ಬಂಧನವಾಗಿತ್ತು. ಮೇ 21ರಂದು ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಸುಮಾರು 2,500 ಸ್ವಯಂಸೇವಕರು ಉಪ್ಪಿನ ಆಗರದತ್ತ ನಡೆದರು. ಆಗರದ ಸುತ್ತ ನೀರು ತುಂಬಿದ ಕಂದಕ, ಮುಳ್ಳುತಂತಿ. ಒಳಗೆ ಸುಮಾರು 400 ಪೊಲೀಸರು, ಕೈಯಲ್ಲಿ ತುದಿಗೆ ಕಬ್ಬಿಣ ಕಟ್ಟಿದ ಲಾಠಿ. ಸಾಣಿಕಟ್ಟೆಯ ಆಗರ ನೋಡಿದವರಿಗೆ ಆ ಬಯಲಿನ ಚಿತ್ರ ಕಣ್ಣಿಗೆ ಕಟ್ಟೀತು: ಅಡಗಲು ಒಂದು ಮರದ ನೆರಳೂ ಇಲ್ಲ. ಮಿಲ್ಲರ್ ರೈಲಿನಲ್ಲಿ ಡುಂಗ್ರಿಗೆ ಬಂದು, ಅಲ್ಲಿಂದ ಗದ್ದೆ ಬಯಲುಗಳ ಮೇಲೆ ನಡೆದು ಸ್ಥಳ ಮುಟ್ಟಿದರು. ಸಾಲುಸಾಲಾಗಿ ಬಂದವರನ್ನು ಹೊಡೆದು ಬೀಳಿಸುವುದು, ಬಿದ್ದವರನ್ನು ಹೊತ್ತೊಯ್ದ ಮೇಲೆ ಮುಂದಿನ ಸಾಲು ಬರುವುದು, ಯಾರೊಬ್ಬರೂ ಕೈ ಎತ್ತಿ ಏಟು ತಡೆಯದಿರುವುದು: ಇವನ್ನು ಅವರು ಕಂಡ ಹಾಗೆ ಬರೆದರು.

ಇಲ್ಲಿ ಯುದ್ಧ ವರದಿಗಾರನ ಅಭ್ಯಾಸ ಎಲ್ಲಿ ಬಂತು ಎಂದು ಕೇಳಿದಿರಲ್ಲ, ನೋಡಿ. ಗಾಯಾಳುಗಳನ್ನು ಮಲಗಿಸಿದ್ದ ತಾತ್ಕಾಲಿಕ ಆಸ್ಪತ್ರೆಗೆ ಹೋಗಿ ಅವರು ತಾವೇ ಎಣಿಸಿದರು. 320 ಗಾಯಾಳುಗಳು, 2 ಸಾವು. ‘ನೂರಾರು ಜನ’ ಎಂದು ಬರೆದಿದ್ದರೆ ಸರ್ಕಾರ ಸುಳ್ಳೆಂದು ತಳ್ಳಿಹಾಕುತ್ತಿತ್ತು. ಒಬ್ಬ ಪರದೇಶಿ ನಿಂತು ಎಣಿಸಿದ ಲೆಕ್ಕವನ್ನು ಹಾಗೆ ತಳ್ಳಿಹಾಕುವುದು ಕಷ್ಟ.

ಬರೆದಾದ ಮೇಲೆ ಇನ್ನೊಂದು ಹೋರಾಟ ಶುರುವಾಯಿತು. ತಂತಿ ಕಚೇರಿ ಬ್ರಿಟಿಷರದು. ಮೊದಲು ಕೊಟ್ಟ ತಂತಿಗಳನ್ನು ತಡೆದರು. ನೀವು ಸುದ್ದಿ ತಡೆಯುತ್ತಿದ್ದೀರಿ ಎಂಬುದನ್ನೇ ಜಗತ್ತಿಗೆ ಸಾರುತ್ತೇನೆ ಎಂದು ಮಿಲ್ಲರ್ ಪಟ್ಟು ಹಿಡಿದ ಮೇಲಷ್ಟೇ ವರದಿ ಹೋಯಿತು. ಯುನೈಟೆಡ್ ಪ್ರೆಸ್ ಸೇವೆಯ 1,350 ಪತ್ರಿಕೆಗಳಿಗೆ ಅದು ಮುಟ್ಟಿತು. ಅಮೆರಿಕದ ಸೆನೆಟರ್ ಜಾನ್ ಬ್ಲೇನ್ ಅದನ್ನು ಸೆನೆಟ್ಟಿನ ಕಡತಕ್ಕೇ ಸೇರಿಸಿದರು. ಅಂಕೋಲೆಯಲ್ಲಿ ಬಿದ್ದ ಏಟನ್ನು ಹೀಗೆ ಎಣಿಸುವವರು ಸಿಗಲಿಲ್ಲವಲ್ಲ ಎಂಬ ಕೊರಗು ಇದನ್ನು ಬರೆಯುವಾಗ ನಮ್ಮನ್ನು ಬಿಡಲಿಲ್ಲ.

ಪ್ರಶ್ನೆ: ಜಗತ್ತಿನ ಮೊದಲ ಯುದ್ಧ ವರದಿಗಾರ ಯಾರು? ಅವರು ಭಾರತಕ್ಕೆ ಬಂದಿದ್ದರೆ?
— ಗ್ರಂಥಾಲಯ ಸಹಾಯಕರು, ಯಲ್ಲಾಪುರ

ಸಾಮಾನ್ಯವಾಗಿ ಹೇಳುವ ಹೆಸರು ವಿಲಿಯಂ ಹೋವರ್ಡ್ ರಸೆಲ್. ಐರ್ಲೆಂಡಿನವರು, 1820ರಲ್ಲಿ ಹುಟ್ಟಿ 1907ರಲ್ಲಿ ತೀರಿಕೊಂಡರು. ಅವರಿಗಿಂತ ಮುಂಚೆಯೂ ಯುದ್ಧಭೂಮಿಯಿಂದ ಕಾಗದ ಬರೆದವರಿದ್ದರು. ಆದರೆ ಪತ್ರಿಕೆಯ ಸಂಬಳದಲ್ಲಿ, ಸೈನ್ಯದ ಬೆನ್ನಿಗೇ ಇದ್ದು, ತಿಂಗಳುಗಟ್ಟಲೆ ಬಿಡದೆ ಬರೆದದ್ದು ರಸೆಲ್. 1854ರ ಅಕ್ಟೋಬರ್ 25ರಂದು ಕ್ರಿಮಿಯದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಕುದುರೆಸೈನ್ಯ ಹಾಳಾದದ್ದನ್ನು ಅವರು ಬರೆದ ಕಾಗದ ಲಂಡನ್ನಿನ ಟೈಮ್ಸ್‌ನಲ್ಲಿ ಅಚ್ಚಾದದ್ದು ನವೆಂಬರ್ 14ಕ್ಕೆ. ಸುದ್ದಿ ಮುಟ್ಟಲು 20 ದಿನ. ಸೈನಿಕರಿಗೆ ಔಷಧವಿಲ್ಲ, ಹೊದಿಕೆಯಿಲ್ಲ ಎಂದು ಅವರು ಮತ್ತು ಟೈಮ್ಸ್‌ನ ಇತರರು ಬರೆದದ್ದರಿಂದಲೇ ಬ್ರಿಟನ್ನಿನಲ್ಲಿ ಗದ್ದಲವೆದ್ದು ಫ್ಲಾರೆನ್ಸ್ ನೈಟಿಂಗೇಲ್ ದಾದಿಯರ ತಂಡದೊಂದಿಗೆ ಹೊರಟರು. ಅದೇ ವರದಿಗಳು ಸೇನಾಧಿಕಾರಿಗಳಿಗೆ ಎಷ್ಟು ಚುಚ್ಚಿದವೆಂದರೆ, 1856ರಲ್ಲಿ ಶತ್ರುವಿಗೆ ಉಪಯೋಗವಾಗುವ ವಿವರ ಪ್ರಕಟಿಸಬಾರದೆಂಬ ಆಜ್ಞೆ ಹೊರಟಿತು. ಸೇನಾ ಸೆನ್ಸಾರಿನ ಬೇರು ಅಲ್ಲಿದೆ.

ಭಾರತಕ್ಕೆ ಬಂದಿದ್ದರು. 1858ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ಇಳಿದು, 1857ರ ದಂಗೆಯನ್ನು ಅಡಗಿಸುತ್ತಿದ್ದ ಬ್ರಿಟಿಷ್ ಸೇನಾಪತಿ ಕಾಲಿನ್ ಕ್ಯಾಂಪ್‌ಬೆಲ್‌ನ ಸೈನ್ಯದೊಂದಿಗೆ ಹೋಗಿ, ಮಾರ್ಚಿನಲ್ಲಿ ಲಖನೌ ಮತ್ತೆ ಬ್ರಿಟಿಷರ ಕೈಸೇರಿದ್ದನ್ನು ವರದಿ ಮಾಡಿದರು. ವಿಚಾರಣೆಯಿಲ್ಲದೆ ಭಾರತೀಯರನ್ನು ಗಲ್ಲಿಗೇರಿಸುತ್ತಿದ್ದುದನ್ನು ತಮ್ಮ ದೇಶದವರೇ ಓದುವ ಪತ್ರಿಕೆಯಲ್ಲಿ ಖಂಡಿಸಿದರು. ಅದಕ್ಕಾಗಿ ಅವರನ್ನು ನೆನೆಯಬೇಕು.

ಪ್ರಶ್ನೆ: ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಯುದ್ಧ ವರದಿ ಮಾಡಬೇಕೆಂಬ ಆಸೆ. ಮನೆಯಲ್ಲಿ ಬೇಡವೆನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?
— ಪದವಿ ವಿದ್ಯಾರ್ಥಿನಿ, ಶಿರಸಿ

ತಂಗಿ, ಮನೆಯವರ ಹೆದರಿಕೆಗೆ ಕಾರಣವಿದೆ. ಅದನ್ನು ತಳ್ಳಿಹಾಕದೆ, ಅವರ ಒಂದೊಂದು ಹೆದರಿಕೆಗೂ ಒಂದೊಂದು ತಯಾರಿ ಮಾಡಿಕೊಂಡರೆ ನಿನ್ನ ಅರ್ಧ ಪಾಠ ಮುಗಿದ ಹಾಗೆ.

ಮೊದಲ ಮೂರು ನಾಲ್ಕು ವರ್ಷ ಊರಿನ ಸುದ್ದಿಯಲ್ಲೇ ಕಳೆಯಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿ ಗಂಗಾವಳಿಗೆ ಬಿದ್ದಾಗ ವರದಿಗಾರರಿಗೆ ಎದುರಾದದ್ದು ಯುದ್ಧಭೂಮಿಯಲ್ಲಿ ಎದುರಾಗುವ ತೊಡಕುಗಳೇ: ರಸ್ತೆ ಇಲ್ಲ, ಕಾಣೆಯಾದವರ ಲೆಕ್ಕ ಒಬ್ಬೊಬ್ಬರ ಬಾಯಲ್ಲಿ ಒಂದೊಂದು, ಅಳುತ್ತಿರುವ ಮನೆಯವರ ಮುಂದೆ ಕ್ಯಾಮೆರಾ ಹಿಡಿಯಬೇಕೋ ಬೇಡವೋ ಎಂಬ ಪ್ರಶ್ನೆ. ಇಂಥ ಕಡೆ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು, ಯಾರಿಂದ, ಎಷ್ಟು ಗಂಟೆಗೆ’ ಎಂದು ಬರೆಯುವ ರೂಢಿ ಮಾಡಿಕೋ. ದಣಿದಾಗ, ಹೆದರಿದಾಗ ಇವೆರಡೂ ತಲೆಯೊಳಗೆ ಬೆರೆತುಹೋಗುತ್ತವೆ. ತಪ್ಪು ವರದಿಗಳು ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಜೊತೆಗೆ ಒಂದು ಭಾಷೆ. ಇಂಗ್ಲಿಷ್, ಹಿಂದಿ ಇದ್ದದ್ದೇ. ಅರಬ್ಬಿ, ರಷ್ಯನ್, ಬರ್ಮೀಸ್, ದರಿ ಇವುಗಳಲ್ಲಿ ಒಂದನ್ನು ಚೆಕ್‌ಪೋಸ್ಟಿನಲ್ಲಿ ನಿಂತು ಮಾತಾಡುವಷ್ಟು ಕಲಿತರೂ ಸಾಕು. ಪಾಸ್‌ಪೋರ್ಟ್ ಈಗಲೇ ಮಾಡಿಸಿಟ್ಟುಕೋ.

ಹೊರಡುವ ಮುನ್ನ ‘ಅಪಾಯದ ಪರಿಸರ ಮತ್ತು ಪ್ರಥಮ ಚಿಕಿತ್ಸೆ’ ತರಬೇತಿ ಆಗಲೇಬೇಕು. ನಾಲ್ಕೈದು ದಿನದ್ದು. ಗುಂಡಿನ ಸದ್ದು ಯಾವ ಕಡೆಯದು, ನೆಲಬಾಂಬಿನ ಗುರುತು ಹೇಗಿರುತ್ತದೆ, ಅಪಹರಣವಾದರೆ ಮೊದಲ ಗಂಟೆ ಹೇಗೆ ವರ್ತಿಸಬೇಕು, ರಕ್ತ ಹೇಗೆ ನಿಲ್ಲಿಸಬೇಕು ಎಲ್ಲ ಕಲಿಸುತ್ತಾರೆ. ಶುಲ್ಕ ದುಬಾರಿ. ಸಂಬಳದ ವರದಿಗಾರರಿಗೆ ಸಂಸ್ಥೆ ಕಟ್ಟುತ್ತದೆ. ಸ್ವತಂತ್ರವಾಗಿ ದುಡಿಯುವವರಿಗೆ ಲಂಡನ್ನಿನ ರೋರಿ ಪೆಕ್ ಟ್ರಸ್ಟ್ ತರಬೇತಿಗೆ ನೆರವು ಕೊಡುತ್ತದೆ. ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯ ಮೂಲಕ ಯುದ್ಧವಲಯಕ್ಕೂ ಅನ್ವಯಿಸುವ ವಿಮೆ ಮಾಡಿಸಬಹುದು. ನಮ್ಮಲ್ಲಿ ಮಾಡಿಸುವ ಸಾಮಾನ್ಯ ಪ್ರವಾಸಿ ವಿಮೆಯ ಷರತ್ತು ಓದಿ ನೋಡು, ಯುದ್ಧದಲ್ಲಾದ ಗಾಯವನ್ನು ಹೊರಗಿಟ್ಟಿರುತ್ತಾರೆ.

ಗುಂಡುನಿರೋಧಕ ಕವಚದ ಬಗ್ಗೆ ಕೇಳಿದ್ದೀಯ. ಬರೀ ಬಟ್ಟೆಯಂಥ ಮೆತ್ತನೆಯ ಕವಚ ಪಿಸ್ತೂಲಿನ ಗುಂಡು ಮತ್ತು ಚೂರುಗಳನ್ನು ತಡೆದೀತು, ರೈಫಲ್ಲಿನ ಗುಂಡನ್ನು ತಡೆಯದು. ಅದಕ್ಕೆ ಎದೆಗೂ ಬೆನ್ನಿಗೂ ಗಟ್ಟಿ ಫಲಕ ಹಾಕಬೇಕು. ಫಲಕವೊಂದು ಎರಡೂವರೆಯಿಂದ ಮೂರೂವರೆ ಕಿಲೋ, ಹೆಲ್ಮೆಟ್ ಸೇರಿ ಒಟ್ಟು 10 ಕಿಲೋ ದಾಟುತ್ತದೆ. ಹೆಚ್ಚಿನವರು ಮಾಡುವ ತಪ್ಪು, ಅದನ್ನು ಹೊಟ್ಟೆಯವರೆಗೆ ಇಳಿಬಿಟ್ಟು ಕಟ್ಟುವುದು. ಫಲಕದ ಮೇಲಂಚು ಕತ್ತಿನ ಬುಡದ ಗುಳಿಗೆ ಸರಿಯಾಗಿರಬೇಕು, ಯಾಕೆಂದರೆ ಅದು ಕಾಯಬೇಕಾದದ್ದು ಹೃದಯ ಮತ್ತು ದೊಡ್ಡ ರಕ್ತನಾಳಗಳನ್ನು. ಎರಡನೆಯ ತಪ್ಪು, ಫಲಕವನ್ನು ನೆಲಕ್ಕೆ ಎತ್ತಿ ಹಾಕುವುದು. ಸೆರಾಮಿಕ್ ಫಲಕ ಒಳಗೊಳಗೇ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡ, ಅದಕ್ಕೂ ಅವಧಿ ಇದೆ. ಕೆಲವು ದೇಶಗಳಲ್ಲಿ ಕವಚವೂ ಸೇನಾ ಸಾಮಗ್ರಿ ಎಂದೇ ಲೆಕ್ಕ. ಪರವಾನಗಿ ಇಲ್ಲದೆ ವಿಮಾನದಲ್ಲಿ ಒಯ್ದರೆ ಇಳಿದಲ್ಲೇ ತೊಂದರೆ.

ಹೊರಟ ಮೇಲೆ ಮನೆ ಅಥವಾ ಕಚೇರಿಯ ಒಬ್ಬರಿಗೆ ನಿಗದಿತ ಹೊತ್ತಿಗೆ ಸುದ್ದಿ ಕೊಡುವ ಏರ್ಪಾಡು ಇರಬೇಕು. ಕರೆ ತಪ್ಪಿದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಮೊದಲ ಫೋನು ಯಾರಿಗೆ, ಎರಡನೆಯದು ಯಾರಿಗೆ ಎಂದು ಕಾಗದದ ಮೇಲೆ ಬರೆದುಕೊಡು. ನೀನು ಬದುಕಿದ್ದೀಯೆಂದು ಖಾತ್ರಿ ಮಾಡಿಕೊಳ್ಳಲು ಕೇಳಬಹುದಾದ ಎರಡು ಪ್ರಶ್ನೆಗಳನ್ನೂ ಬರೆದಿಡು. ಉತ್ತರ ಫೇಸ್‌ಬುಕ್‌ನಲ್ಲಿ ಸಿಗುವಂಥದ್ದಾಗಬಾರದು. ಅಜ್ಜನ ಮನೆಯ ಕೊಟ್ಟಿಗೆಯಲ್ಲಿದ್ದ ಆಕಳಿನ ಹೆಸರಿನಂಥದ್ದು ಒಳ್ಳೆಯದು.

ಕೊನೆಗೆ ಒಂದು ಮಾತು, ಇದನ್ನು ಮರೆಯಬೇಡ. ವಿದೇಶಿ ವರದಿಗಾರರ ಹೆಸರಿನ ಹಿಂದೆ ಯಾವಾಗಲೂ ಒಬ್ಬ ಸ್ಥಳೀಯರಿರುತ್ತಾರೆ: ದಾರಿ ತೋರಿಸಿ, ಭಾಷಾಂತರ ಮಾಡಿ, ಸಂದರ್ಶನ ಕೊಡಿಸುವವರು. ಅವರನ್ನು ‘ಫಿಕ್ಸರ್’ ಎನ್ನುತ್ತಾರೆ. 2007ರಲ್ಲಿ ಆಫ್ಘಾನಿಸ್ತಾನದಲ್ಲಿ ಇಟಲಿಯ ಪತ್ರಕರ್ತನನ್ನು ತಾಲಿಬಾನ್ ಬಿಟ್ಟಿತು. ಅವರ ಜೊತೆ ಸೆರೆಯಾಗಿದ್ದ ಅಜ್ಮಲ್ ನಕ್ಷ್‌ಬಂದಿಯನ್ನು ಕೊಂದಿತು. 2009ರಲ್ಲಿ ಬ್ರಿಟಿಷ್ ಪಡೆ ದಾಳಿ ಮಾಡಿ ನ್ಯೂಯಾರ್ಕ್ ಟೈಮ್ಸ್‌ನ ಸ್ಟೀಫನ್ ಫಾರೆಲ್‌ರನ್ನು ಬಿಡಿಸಿಕೊಂಡಿತು. ಆ ಗುಂಡಿನ ಕಾಳಗದಲ್ಲಿ ಅವರ ಸಂಗಾತಿ ಸುಲ್ತಾನ್ ಮುನಾದಿ ಸತ್ತರು. ನಿನಗೆ ವಿಮೆ ಮಾಡಿಸುವಾಗ ನಿನ್ನ ಫಿಕ್ಸರಿಗೂ ಮಾಡಿಸು. ಅವರು ಒಪ್ಪಿದರೆ ವರದಿಯ ಕೆಳಗೆ ಅವರ ಹೆಸರೂ ಬರಲಿ.

ಪ್ರಶ್ನೆ: ಹೆಣ್ಣುಮಕ್ಕಳು ಮೊದಲಿನಿಂದಲೂ ಈ ಕೆಲಸದಲ್ಲಿದ್ದರೆ?
— ಗೃಹಿಣಿ, ಸಿದ್ದಾಪುರ

ಇದ್ದರು. ಎರಡನೆಯ ಮಹಾಯುದ್ಧ ಶುರುವಾಗುವ ಸುಳಿವನ್ನು ಮೊದಲು ಕೊಟ್ಟವರು ಕ್ಲೇರ್ ಹಾಲಿಂಗ್‌ವರ್ತ್, ಆಗ 27 ವರ್ಷ. ಡೈಲಿ ಟೆಲಿಗ್ರಾಫ್ ಪತ್ರಿಕೆ ಸೇರಿ ಒಂದು ವಾರವೂ ಆಗಿರಲಿಲ್ಲ. 1939ರ ಆಗಸ್ಟ್‌ನಲ್ಲಿ ಪೋಲೆಂಡಿನ ಕಟೊವಿಟ್ಸ್‌ನಲ್ಲಿದ್ದ ಬ್ರಿಟಿಷ್ ಕಾನ್ಸಲರ ಕಾರು ಎರವಲು ಪಡೆದು ಗಡಿ ದಾಟಿದರು. ಕಾನ್ಸಲರ ಕಾರಾದ್ದರಿಂದ ಜರ್ಮನ್ನರು ಬಿಟ್ಟರು. ವಾಪಸು ಬರುವಾಗ ರಸ್ತೆ ಬದಿಗೆ ಕಟ್ಟಿದ್ದ ಗೋಣಿತಟ್ಟಿನ ಮರೆ ಗಾಳಿಗೆ ಹಾರಿ, ಕಣಿವೆಯಲ್ಲಿ ಸಾಲುಗಟ್ಟಿ ನಿಂತ ಟ್ಯಾಂಕುಗಳು ಕಂಡವು. ಆಗಸ್ಟ್ 29ರಂದು ಸುದ್ದಿ ಅಚ್ಚಾಯಿತು, ಅವರ ಹೆಸರಿಲ್ಲದೆ. ಸೆಪ್ಟೆಂಬರ್ 1ರಂದು ದಾಳಿ ಶುರುವಾಯಿತು ಎಂದು ಫೋನು ಮಾಡಿದರೆ ವಾರ್ಸಾದ ರಾಯಭಾರ ಕಚೇರಿ ನಂಬಲಿಲ್ಲ. ಟೆಲಿಫೋನನ್ನು ಕಿಟಕಿಯ ಹೊರಗೆ ಹಿಡಿದು ಟ್ಯಾಂಕುಗಳ ಸದ್ದು ಕೇಳಿಸಿದರು. 105 ವರ್ಷ ಬಾಳಿ 2017ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡರು.

ಪ್ರಶ್ನೆ: 1971ರಲ್ಲಿ ಪೂರ್ವ ಪಾಕಿಸ್ತಾನದ ಕಗ್ಗೊಲೆಯನ್ನು ಬಯಲಿಗೆಳೆದ ಪತ್ರಕರ್ತರು ನಮ್ಮ ಬೆಳಗಾವಿಯವರು ಎಂದು ಯಾರೋ ಹೇಳಿದರು. ನಿಜವೇ?
— ಹಳಿಯಾಳದ ಓದುಗರು

ನಿಜ. ಆಂಥೊನಿ ಮಸ್ಕರೇನ್ಹಸ್ 1928ರಲ್ಲಿ ಬೆಳಗಾವಿಯ ಗೋವಾ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಓದಿದ್ದು ಕರಾಚಿಯಲ್ಲಿ, ನೆಲೆಸಿದ್ದೂ ಅಲ್ಲೇ. 1971ರಲ್ಲಿ ಅಲ್ಲಿನ ಮಾರ್ನಿಂಗ್ ನ್ಯೂಸ್ ಪತ್ರಿಕೆಯಲ್ಲಿದ್ದರು.

ಆ ವರ್ಷ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೇನೆ ದಾಳಿ ಶುರುಮಾಡಿದಾಗ ವಿದೇಶಿ ವರದಿಗಾರರನ್ನೆಲ್ಲ ಹೋಟೆಲಿನಲ್ಲಿ ಕೂಡಿಹಾಕಿ, ಆಮೇಲೆ ದೇಶದಿಂದಲೇ ಹೊರಗಟ್ಟಿದರು. ಡೈಲಿ ಟೆಲಿಗ್ರಾಫ್‌ನ ಸೈಮನ್ ಡ್ರಿಂಗ್ ಹೋಟೆಲಿನಲ್ಲೇ ಬಚ್ಚಿಟ್ಟುಕೊಂಡು, ಕರ್ಫ್ಯೂ ಸಡಿಲವಾದಾಗ ಊರು ಸುತ್ತಿ, ಟಿಪ್ಪಣಿಗಳನ್ನು ಕಾಲುಚೀಲದಲ್ಲಿ ಅಡಗಿಸಿ, ಬ್ಯಾಂಕಾಕಿಗೆ ಹೋಗಿ ಸುದ್ದಿ ಕಳಿಸಿದರು. ಮಾರ್ಚ್ 30ಕ್ಕೆ ಅದು ಅಚ್ಚಾಯಿತು. ಅದು ಮೊದಲ ಕೆಲವು ದಿನಗಳ ಚಿತ್ರ.

ಏಪ್ರಿಲ್‌ನಲ್ಲಿ ಪಾಕಿಸ್ತಾನದ ಸೇನೆ ತನ್ನ ಪರವಾಗಿ ಬರೆಸಲೆಂದು ಎಂಟು ಪತ್ರಕರ್ತರನ್ನು ಹತ್ತು ದಿನ ಪೂರ್ವಕ್ಕೆ ಕರೆದೊಯ್ದಿತು. ಅವರಲ್ಲಿ ಮಸ್ಕರೇನ್ಹಸ್ ಒಬ್ಬರು. ಕೋಮಿಲ್ಲಾದ ಸೇನಾ ಕಚೇರಿಯಲ್ಲಿ ಅಧಿಕಾರಿಗಳು ಕೊಲ್ಲುವ ಲೆಕ್ಕವನ್ನು ದಿನದ ಕೆಲಸದ ಹಾಗೆ ಮಾತಾಡುವುದನ್ನು ಅವರು ಕೇಳಿಸಿಕೊಂಡರು. ಜೊತೆಗಿದ್ದವರು ಸೇನೆ ಹೇಳಿದಂತೆ ಬರೆದರು. ಇವರಿಗೆ ಹಾಗೆ ಬರೆಯಲು ಕೈ ಬರಲಿಲ್ಲ, ನಿಜ ಬರೆದರೆ ಕರಾಚಿಯಲ್ಲಿ ಸೆನ್ಸಾರ್.

ಮುಂದಿನ ಹೆಜ್ಜೆಗಳನ್ನು ಗಮನಿಸಿ, ಒಂದೊಂದೂ ಲೆಕ್ಕಾಚಾರದ್ದು. ತಂಗಿಗೆ ಹುಷಾರಿಲ್ಲವೆಂದು ಹೇಳಿ ಲಂಡನ್ನಿಗೆ ಹೋದರು. ಮೇ 18ರಂದು ಸಂಡೇ ಟೈಮ್ಸ್‌ನ ಸಂಪಾದಕ ಹೆರಾಲ್ಡ್ ಇವಾನ್ಸ್‌ರನ್ನು ಕಂಡು ಎಲ್ಲ ಹೇಳಿದರು. ಹೆಂಡತಿ ಮತ್ತು ಐದು ಮಕ್ಕಳು ಕರಾಚಿಯಿಂದ ಹೊರಬಂದ ಮೇಲೆಯೇ ಅಚ್ಚು ಮಾಡಬೇಕು ಎಂಬುದು ಷರತ್ತು. ‘ಆನ್‌ಳ ಶಸ್ತ್ರಚಿಕಿತ್ಸೆ ಯಶಸ್ವಿ’ ಎಂಬ ತಂತಿ ಬಂದರೆ ಮನೆ ಬಿಡಬೇಕೆಂಬ ಸಂಕೇತ ಮೊದಲೇ ಮಾತಾಗಿತ್ತು. ಸಂಶಯ ಬಾರದಿರಲೆಂದು ತಾವು ಪಾಕಿಸ್ತಾನಕ್ಕೆ ಮರಳಿದರು. ಕುಟುಂಬ ವಿಮಾನ ಹತ್ತಿ ರೋಮಿಗೆ ಹೋಯಿತು. ಪಾಕಿಸ್ತಾನದವರಿಗೆ ಆಗ ವರ್ಷಕ್ಕೆ ಒಂದೇ ವಿದೇಶ ಪ್ರಯಾಣ, ಇವರದು ಮುಗಿದಿತ್ತು. ಆದ್ದರಿಂದ ನೆಲದ ದಾರಿಯಲ್ಲಿ ಗಡಿ ದಾಟಿ ಆಫ್ಘಾನಿಸ್ತಾನ ಸೇರಿದರು. 1971ರ ಜೂನ್ 13ರಂದು ‘ಜೆನೊಸೈಡ್’ ಎಂಬ ಒಂದೇ ಪದದ ತಲೆಬರಹದಲ್ಲಿ ವರದಿ ಬಂತು. ಅದು ತಮ್ಮನ್ನು ಆಳವಾಗಿ ಕಲಕಿತೆಂದು ಇಂದಿರಾ ಗಾಂಧಿ ಇವಾನ್ಸ್‌ಗೆ ಹೇಳಿದ್ದರು.

ಒಂದು ವರದಿಗಾಗಿ ಮನೆ, ಕೆಲಸ, ದೇಶ ಮೂರನ್ನೂ ಬಿಟ್ಟವರು. 1986ರಲ್ಲಿ ತೀರಿಕೊಂಡರು. ನಮ್ಮ ಪಕ್ಕದ ಜಿಲ್ಲೆಯಲ್ಲಿ ಹುಟ್ಟಿದ ಇವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂಬುದು ನಮ್ಮ ಬಲವಾದ ಅಭಿಪ್ರಾಯ.

ಪ್ರಶ್ನೆ: ಮೇರಿ ಕಾಲ್ವಿನ್ ಸಾವಿಗೆ ಸ್ಯಾಟಲೈಟ್ ಫೋನ್ ಕಾರಣವೆಂದು ಓದಿದೆ. ನಮಗೆ ಬೋಟಿನಲ್ಲಿ ಅದನ್ನು ಇಟ್ಟುಕೊಳ್ಳಲು ಯಾಕೆ ಬಿಡುವುದಿಲ್ಲ?
— ಟ್ರಾಲರ್ ಬೋಟಿನ ತಾಂಡೇಲರು, ಬೈತಖೋಲ, ಕಾರವಾರ

ಎರಡೂ ಪ್ರಶ್ನೆಗೆ ಬೇರು ಒಂದೇ. ಸ್ಯಾಟಲೈಟ್ ಫೋನ್ ಆಕಾಶಕ್ಕೆ ರೇಡಿಯೊ ಅಲೆ ಬಿಡುತ್ತದೆ. ಆ ಅಲೆ ಎಲ್ಲಿಂದ ಬರುತ್ತಿದೆ ಎಂದು ದಿಕ್ಕು ಹಿಡಿಯುವ ಉಪಕರಣಗಳಿವೆ. ಕೆಲವು ಕಂಪನಿಗಳ ಫೋನು ತಾನಿರುವ ಜಾಗದ ಜಿಪಿಎಸ್ ಲೆಕ್ಕವನ್ನೇ ಜೊತೆಗೆ ಕಳಿಸುತ್ತದೆ.

ಕಾಲ್ವಿನ್ ಸಂಡೇ ಟೈಮ್ಸ್‌ನ ವರದಿಗಾರ್ತಿ. 2001ರಲ್ಲಿ ಶ್ರೀಲಂಕಾದಲ್ಲಿ ಎಡಗಣ್ಣು ಕಳೆದುಕೊಂಡಿದ್ದರು. 2012ರ ಫೆಬ್ರವರಿಯಲ್ಲಿ ನೀರಿನ ಕೊಳವೆಯೊಳಗೆ ಬಗ್ಗಿ ನಡೆದು ಸಿರಿಯದ ಹೋಮ್ಸ್ ನಗರ ಸೇರಿದರು. ಫೆಬ್ರವರಿ 21ರಂದು ಉಪಗ್ರಹ ಸಂಪರ್ಕದ ಮೂಲಕ ಬಿಬಿಸಿ, ಸಿಎನ್‌ಎನ್‌ಗಳಿಗೆ ನೇರ ವರದಿ ಕೊಟ್ಟರು. ಮರುದಿನ ಬೆಳಿಗ್ಗೆ ಅವರಿದ್ದ ಕಟ್ಟಡದ ಮೇಲೆ ಶೆಲ್ ಬಿದ್ದು ಅವರೂ ಫ್ರಾನ್ಸಿನ ಛಾಯಾಗ್ರಾಹಕ ರೆಮಿ ಓಶ್ಲಿಕ್ ಅವರೂ ಸತ್ತರು. 2019ರಲ್ಲಿ ಅಮೆರಿಕದ ನ್ಯಾಯಾಲಯ ಇದಕ್ಕೆ ಸಿರಿಯ ಸರ್ಕಾರವೇ ಹೊಣೆ ಎಂದು ತೀರ್ಪು ಕೊಟ್ಟು 30 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಸಂಪರ್ಕದ ಸಂಕೇತ ಹಿಡಿದದ್ದರ ಜೊತೆಗೆ ಒಬ್ಬ ಮಾಹಿತಿದಾರನೂ ಜಾಗ ಹೇಳಿದ್ದ ಎಂಬ ಸಾಕ್ಷ್ಯ ಅಲ್ಲಿತ್ತು. ಹಾಗಾಗಿ ಫೋನೊಂದೇ ಕಾರಣವೆನ್ನಲಾಗದು.

ಈಗ ವರದಿಗಾರರು ಪಾಲಿಸುವ ಕ್ರಮ ಹೀಗಿದೆ. ತಂಗಿದ ಮನೆಯಿಂದ ಕರೆ ಮಾಡುವುದಿಲ್ಲ, ದೂರ ಹೋಗಿ ಮಾಡುತ್ತಾರೆ. ಹೇಳಬೇಕಾದ್ದನ್ನು ಮೊದಲೇ ಬರೆದುಕೊಂಡು ಚುಟುಕಾಗಿ ಮುಗಿಸುತ್ತಾರೆ. ಮುಗಿದ ಕೂಡಲೇ ಬ್ಯಾಟರಿ ತೆಗೆದು ಜಾಗ ಬಿಡುತ್ತಾರೆ. ಅದೇ ಜಾಗಕ್ಕೆ ಮತ್ತೆ ಬರುವುದಿಲ್ಲ.

ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ತುರಾಯಾ, ಇರಿಡಿಯಂ ಫೋನು ಇಟ್ಟುಕೊಳ್ಳುವುದೇ ಅಪರಾಧ. 2008ರ ಮುಂಬೈ ದಾಳಿಕೋರರು ಸಮುದ್ರದಲ್ಲಿ ಬಳಸಿದ್ದು ಇಂಥದೇ ಫೋನು. ಕದಂಬ ನೌಕಾನೆಲೆ ಇರುವ ನಮ್ಮ ಕಡಲಲ್ಲಿ ಅನುಮತಿಯಿಲ್ಲದ ಒಂದು ಕರೆ ಹೋದರೂ ಹುಡುಕಾಟ ಶುರುವಾಗುತ್ತದೆ. ವಿದೇಶದಿಂದ ಬರುವ ನೆಂಟರಿಗೂ ಇದನ್ನು ಹೇಳಿ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ. ನಿಮಗೆ ವಿಎಚ್‌ಎಫ್ ಸೆಟ್ಟಿನ 16ನೇ ಚಾನೆಲ್, ಅಪಾಯದ ಸಂದೇಶ ಕಳಿಸುವ ಡ್ಯಾಟ್ ಉಪಕರಣ, ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆ ಇವೆ. ಡ್ಯಾಟ್‌ನ ಬ್ಯಾಟರಿ ಸರಿಯಿದೆಯೇ ಎಂದು ಮಳೆಗಾಲದ ನಿಷೇಧ ಮುಗಿದು ಬೋಟು ಇಳಿಸುವ ಮುಂಚೆಯೇ ನೋಡಿಕೊಳ್ಳಿ.

ಪ್ರಶ್ನೆ: ಯುದ್ಧ ವರದಿಗಾರರ ಚೀಲದಲ್ಲಿರುವ ಟೂರ್ನಿಕೆಟ್ (ಕಡ್ಡಿ ತಿರುಗಿಸಿ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ) ಬಳಸುವ ಸರಿಯಾದ ಕ್ರಮ ತಿಳಿಸಿ. ಇಲ್ಲೂ ಉಪಯೋಗಕ್ಕೆ ಬರಬಹುದೆ?
— ಶುಶ್ರೂಷಕಿ, ಕುಮಟಾ

2011ರ ಏಪ್ರಿಲ್ 20ರಂದು ಲಿಬಿಯದ ಮಿಸ್ರಾತಾದಲ್ಲಿ ಛಾಯಾಗ್ರಾಹಕ ಟಿಮ್ ಹೆದರಿಂಗ್ಟನ್ ತೊಡೆಯ ಗಾಯದಿಂದ ರಕ್ತ ಹರಿದು ಸತ್ತರು. ಜೊತೆಯಲ್ಲಿದ್ದವರಿಗೆ ರಕ್ತ ನಿಲ್ಲಿಸುವ ತರಬೇತಿ ಇದ್ದಿದ್ದರೆ ಎಂಬ ನೋವಿನಿಂದ ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ಸ್ವತಂತ್ರ ವರದಿಗಾರರಿಗೆ ಉಚಿತ ತರಬೇತಿ ಕೊಡುವ ಸಂಸ್ಥೆ ಕಟ್ಟಿದರು. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೈಯಲ್ಲಿರುವುದು ಕೆಲವೇ ನಿಮಿಷ.

ಕ್ರಮ: ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಎದೆಯ ಕಡೆಗೆ, ಪಟ್ಟಿ ಸುತ್ತಿ. ಮೊಣಕಾಲು, ಮೊಣಕೈ ಗಂಟಿನ ಮೇಲೆ ಬೇಡ. ಜೇಬಿನಲ್ಲಿ ಕೀಲಿ, ಮೊಬೈಲು ಇದ್ದರೆ ಮೊದಲು ತೆಗೆಯಿರಿ. ಪಟ್ಟಿಯನ್ನು ಕೈಯಿಂದಲೇ ಸಾಧ್ಯವಾದಷ್ಟು ಬಿಗಿ ಮಾಡಿದ ಮೇಲೆ ಕಡ್ಡಿ ತಿರುಗಿಸಿ. ಸಡಿಲ ಬಿಟ್ಟು ಕಡ್ಡಿಯಿಂದಲೇ ಬಿಗಿ ಮಾಡಲು ಹೋಗುವುದು ಎಲ್ಲರೂ ಮಾಡುವ ತಪ್ಪು. ಆಗ ರಕ್ತ ನಿಲ್ಲುವ ಮೊದಲೇ ಕಡ್ಡಿ ತಿರುಗದಾಗುತ್ತದೆ. ರಕ್ತ ಪೂರ್ತಿ ನಿಲ್ಲುವವರೆಗೆ ತಿರುಗಿಸಿ ಕಡ್ಡಿಯನ್ನು ಕೊಕ್ಕೆಗೆ ಸಿಕ್ಕಿಸಿ. ಗಾಯಾಳು ನೋವಿಗೆ ಕಿರುಚುತ್ತಾರೆ, ಅದಕ್ಕೆ ಕರಗಿ ಸಡಿಲಿಸಬೇಡಿ. ಅರ್ಧ ಬಿಗಿದ ಪಟ್ಟಿ ಒಳಬರುವ ರಕ್ತವನ್ನು ಬಿಟ್ಟು ಮರಳುವ ರಕ್ತವನ್ನಷ್ಟೇ ತಡೆಯುವುದರಿಂದ ಸೋರಿಕೆ ಹೆಚ್ಚುತ್ತದೆ. ನಿಲ್ಲದಿದ್ದರೆ ಅದರ ಮೇಲ್ಭಾಗಕ್ಕೆ ಇನ್ನೊಂದು ಕಟ್ಟಿ. ಕಟ್ಟಿದ ಗಂಟೆ ನಿಮಿಷ ಹಣೆಯ ಮೇಲೋ ಪಟ್ಟಿಯ ಮೇಲೋ ಬರೆಯಿರಿ. ಬಿಚ್ಚುವುದು ಆಸ್ಪತ್ರೆಯಲ್ಲಿ ಮಾತ್ರ, ಎರಡು ಗಂಟೆಯೊಳಗೆ ಅಲ್ಲಿ ಮುಟ್ಟಿದರೆ ಒಳ್ಳೆಯದು. ತೊಡೆಸಂದು, ಕಂಕುಳದ ಗಾಯಕ್ಕೆ ಪಟ್ಟಿ ಕೂರುವುದಿಲ್ಲ. ಅಲ್ಲಿ ಶುದ್ಧ ಬಟ್ಟೆ ಅಥವಾ ಗಾಯಕ್ಕೆ ಕಟ್ಟುವ ಜಾಳು ಬಟ್ಟೆಯನ್ನು (ಗಾಜ್ ಬ್ಯಾಂಡೇಜು) ಗಾಯದೊಳಕ್ಕೆ ಗಟ್ಟಿಯಾಗಿ ತುಂಬಿ, ಮೇಲಿಂದ ಮೈಭಾರ ಬಿಟ್ಟು ಒತ್ತಬೇಕು.

ಇಲ್ಲೂ ಖಂಡಿತ ಉಪಯೋಗಕ್ಕೆ ಬರುತ್ತದೆ. ಹೆದ್ದಾರಿಯ ಅಪಘಾತ, ತೋಟದಲ್ಲಿ ಕಳೆ ಕತ್ತರಿಸುವ ಯಂತ್ರದ ಬ್ಲೇಡು, ಮರ ಕೊಯ್ಯುವ ಗರಗಸ. ಒಬ್ಬರು ಕಟ್ಟುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪಟ್ಟಿ ಇಲ್ಲದಿದ್ದರೆ 4–5 ಸೆಂ.ಮೀ. ಅಗಲದ ಬಟ್ಟೆಗೆ ಗಟ್ಟಿ ಕೋಲು ಸಿಕ್ಕಿಸಿ ತಿರುಗಿಸಬಹುದು. ಸಣ್ಣ ಹಗ್ಗ, ತಂತಿ ಬೇಡ, ಮಾಂಸ ಕತ್ತರಿಸುತ್ತದೆ.

ಒಂದು ಎಚ್ಚರಿಕೆ ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ: ಹಾವು ಕಚ್ಚಿದಾಗ ಇದನ್ನು ಕಟ್ಟಲೇಬಾರದು. ನಮ್ಮ ಮಲೆನಾಡಿನಲ್ಲಿ ಕಚ್ಚಿದ ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿ ಕರೆತರುವ ರೂಢಿ ಇನ್ನೂ ಇದೆ. ಅದರಿಂದ ಕಾಲು ಕೊಳೆತು ಹೋಗುವ ಅಪಾಯವಿದೆ. ಕಾಲು ಅಲುಗಾಡದಂತೆ ಇಟ್ಟು ಬೇಗ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ಪ್ರಶ್ನೆ: ಸೆರೆಸಿಕ್ಕ ವರದಿಗಾರ ಯುದ್ಧಕೈದಿಯೋ ಅಲ್ಲವೋ?
— ಕಾನೂನು ವಿದ್ಯಾರ್ಥಿ, ಹೊನ್ನಾವರ

ಹೇಗೆ ಹೋಗಿದ್ದಾರೆ ಎಂಬುದರ ಮೇಲಿದೆ. ಸೇನೆಯ ಅನುಮತಿ ಮತ್ತು ಗುರುತುಚೀಟಿ ಪಡೆದು ಸೇನೆಯ ಜೊತೆಗೇ ಹೋದವರಿಗೆ 1949ರ ಮೂರನೇ ಜಿನೀವಾ ಒಪ್ಪಂದದ 4ನೇ ವಿಧಿಯಡಿ ಯುದ್ಧಕೈದಿಯ ರಕ್ಷಣೆ ಸಿಗುತ್ತದೆ. ತಾವಾಗಿ ಹೋದವರು ನಾಗರಿಕರು. 1977ರ ಮೊದಲ ಹೆಚ್ಚುವರಿ ಒಪ್ಪಂದದ 79ನೇ ವಿಧಿ ಇದನ್ನು ಬಿಡಿಸಿ ಹೇಳುತ್ತದೆ. ಆ ಹೆಚ್ಚುವರಿ ಒಪ್ಪಂದಕ್ಕೆ ಭಾರತ ಸೇರಿಲ್ಲ. ಎರಡೂ ಬಗೆಯವರು ಆಯುಧ ಹಿಡಿಯುವಂತಿಲ್ಲ. ಹಿಡಿದು ಕಾದಾಟಕ್ಕಿಳಿದರೆ ನಾಗರಿಕನ ರಕ್ಷಣೆ ಅಲ್ಲಿಗೆ ತಪ್ಪುತ್ತದೆ, ಉಳಿದ ವರದಿಗಾರರ ಮೇಲೂ ಅನುಮಾನ ಬೀಳುತ್ತದೆ.

ಪ್ರಶ್ನೆ: ಯುದ್ಧದ ಸುದ್ದಿ ಓದುವಾಗ ನಂಬಬಹುದೋ ಇಲ್ಲವೋ ಎಂದು ಹೇಗೆ ತಿಳಿಯುವುದು?
— ಅಂಗಡಿಕಾರರು, ಭಟ್ಕಳ

ಮೊದಲ ಸಾಲಿನ ಮುಂಚೆ ಇರುವ ಊರಿನ ಹೆಸರು ನೋಡಿ. ಆ ಊರಿಗೂ ಕಾಳಗ ನಡೆಯುವ ಊರಿಗೂ ಎಷ್ಟು ದೂರ ಎಂದು ನಕ್ಷೆ ತೆಗೆದು ಅಳೆಯಿರಿ. ನೂರಾರು ಕಿಲೋಮೀಟರ್ ದೂರದ ರಾಜಧಾನಿಯಿಂದ ಬರೆದಿದ್ದರೆ ಅದು ಕೇಳಿದ ಸುದ್ದಿ. ಸತ್ತವರ ಸಂಖ್ಯೆಯ ಪಕ್ಕದಲ್ಲಿ ಹೇಳಿದವರು ಯಾರು ಎಂದು ಇದೆಯೇ? ಎರಡೂ ಕಡೆಯ ಸೇನೆಗಳು ತಮ್ಮ ಸಾವು ಕಡಿಮೆ, ಎದುರಾಳಿಯದು ಹೆಚ್ಚು ಹೇಳುತ್ತವೆ. ಆಸ್ಪತ್ರೆ, ಸ್ಮಶಾನದಲ್ಲಿ ಎಣಿಸಿದ ಲೆಕ್ಕಕ್ಕೆ ಹೆಚ್ಚು ತೂಕ ಕೊಡಿ. ವರದಿಗಾರ ಸೇನೆಯ ವಾಹನದಲ್ಲೇ ಹೋಗಿದ್ದರೆ ಒಳ್ಳೆಯ ಪತ್ರಿಕೆ ಅದನ್ನೂ ಹೇಳುತ್ತದೆ. ಚಿತ್ರವಿದ್ದರೆ ತೆಗೆದ ದಿನಾಂಕ, ಸ್ಥಳ, ತೆಗೆದವರ ಹೆಸರು ಇರಬೇಕು. ವಾಟ್ಸ್ಆಪ್‌ನಲ್ಲಿ ಬಂದ ವಿಡಿಯೊಗೆ ಇವು ಮೂರೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ.